ಕಳೆದುಹೋದ ಸಾಲಿನ ಜಾಗ

ಮೈಮೇಲಿನ ಗಾಯ ತಾನಾಗಿ ಮಾಯುತ್ತದೆ. ಕೆಟ್ಟುಹೋದ ಫೈಲು ಯಾಕೆ ಮಾಯಬಾರದು?

ಧಾರವಾಡದ ಪಠ್ಯ ಆರೋಗ್ಯ ಕೇಂದ್ರದಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಅದರ ನಿರ್ದೇಶಕ ವಾದಿರಾಜ ಕಟ್ಟಿ. ಉತ್ತರ ಹುಡುಕುವ ಕೆಲಸ ಅಲ್ಲಿಯ ತಂತ್ರಜ್ಞೆ ನೀಲಾಂಬಿಕಾ ಅಂಗಡಿ ಎಂಬವಳ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಬರವಣಿಗೆ ಎಂಬುದು ಒಬ್ಬರ ಕೈಯ ಕೆಲಸವಾಗಿ ಉಳಿದಿರಲಿಲ್ಲ. ಆಸ್ಪತ್ರೆಗಳ ಕೈಪಿಡಿ, ನೀರಾವರಿ ವರದಿ, ವಿಶ್ವಕೋಶ, ಎಲ್ಲವೂ ಸಾವಿರಾರು ಪುಟಗಳ ಒಂದೊಂದೇ ಫೈಲು. ನೂರಾರು ಜನ ಏಕಕಾಲಕ್ಕೆ ಅದರಲ್ಲಿ ಬರೆಯುವವರು, ಅಳಿಸುವವರು, ಚಿತ್ರ ಅಂಟಿಸುವವರು. ಒಂದು ಬೆಳಿಗ್ಗೆ ಅದು ತೆರೆಯುವುದೇ ಇಲ್ಲ. ಹೆಚ್ಚಿನ ಸಲ ಅಕ್ಷರಗಳೆಲ್ಲ ಒಳಗೆ ಇದ್ದೇ ಇರುತ್ತವೆ. ಯಾವ ಪುಟದ ಮುಂದೆ ಯಾವ ಪುಟ ಎಂದು ಹೇಳುವ ದಾರವೊಂದು ಮಾತ್ರ ಎಲ್ಲೋ ಹರಿದಿರುತ್ತದೆ.

ನೀಲಾಂಬಿಕಾ ಈ ಕೆಲಸ ಕಲಿತದ್ದು ಹಳೆಯ ರೀತಿಯಲ್ಲಿ. ಕೆಟ್ಟ ಫೈಲನ್ನು ಮುಟ್ಟುವ ಮೊದಲು ಅದರ ಒಂದು ಪ್ರತಿ ತೆಗೆದಿಡಬೇಕು. ಕೊನೆಯ ಪ್ಯಾರಾ ಮುಗಿಯಿತೆಂದು ಹೇಳುವ ಗುರುತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಸ ಫೈಲಿಗೆ ಸಾಗಿಸಿ ನೋಡಬೇಕು, ಯಾಕೆಂದರೆ ರೋಗ ಎಷ್ಟೋ ಸಲ ಆ ಕೊನೆಯ ಗುರುತಿನಲ್ಲೇ ಅಡಗಿರುತ್ತದೆ. ಆಗದಿದ್ದರೆ ಫೈಲನ್ನು ಎರಡು ಹೋಳು ಮಾಡಿ, ತೆರೆಯದ ಹೋಳನ್ನು ಮತ್ತೆ ಎರಡು ಮಾಡಿ, ಕೆಟ್ಟ ಜಾಗ ಕೈಗೆ ಸಿಗುವ ತನಕ ಹೋಳು ಮಾಡುತ್ತಲೇ ಹೋಗಬೇಕು.

ಇದಕ್ಕೆಲ್ಲ ಬದಲಾಗಿ ಬಂದದ್ದು ಅವಳು ಕಟ್ಟಿದ 'ಬೆಸುಗೆ' ಎಂಬ ತಂತ್ರಾಂಶ. ಅದರ ತತ್ವ ಸರಳವಾಗಿತ್ತು. ಫೈಲಿನ ಪ್ರತಿ ಪ್ಯಾರಾ ತನ್ನ ಅಕ್ಕಪಕ್ಕದ ಪ್ಯಾರಾಗಳ ಸಣ್ಣ ಅಚ್ಚೊಂದನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಒಂದು ಅಳಿದರೆ ನೆರೆಯವೆಲ್ಲ ಸೇರಿ ತಮ್ಮಲ್ಲಿರುವ ಅಚ್ಚುಗಳನ್ನು ಕೂಡಿಸಿ, ಅದನ್ನು ಅಕ್ಷರಕ್ಕೆ ಅಕ್ಷರ ಮರಳಿ ಕಟ್ಟಿಕೊಡುತ್ತವೆ. ಆದರೆ ದೊಡ್ಡ ತುಂಡೇ ಹೋಗಿ ನೆರೆಯವೂ ಅಳಿದರೆ? ಆಗ ಅಚ್ಚು ಸಾಲುವುದಿಲ್ಲ. ಅದಕ್ಕಾಗಿ ವಾದಿರಾಜರು ಎರಡನೇ ಭಾಗವೊಂದನ್ನು ಸೇರಿಸಿದರು. ಅದು ಬರೆದವರ ಶೈಲಿ ಕಲಿತು, ಹಿಂದುಮುಂದಿನ ವಿಷಯ ಓದಿ, ಖಾಲಿ ಜಾಗವನ್ನು ತಾನೇ ತುಂಬುತ್ತಿತ್ತು.

"ತೂತು ಬಿದ್ದ ಅಂಗಿ ಕೊಟ್ಟರ ಯಾರು ತೊಗೋತಾರ?" ಎನ್ನುತ್ತಿದ್ದರು ಅವರು.

ಎರಡು ವರ್ಷಗಳಲ್ಲಿ ಬೆಸುಗೆ ಎಲ್ಲ ಕಚೇರಿಗಳಿಗೂ ಹೋಯಿತು. ಜನ ಫೈಲು ಕೆಡುವ ಭಯ ಮರೆತರು. ಬಹಳಷ್ಟು ಮಂದಿ ಪ್ರತಿ ತೆಗೆದಿಡುವುದನ್ನೇ ಬಿಟ್ಟರು.

*

ನೀಲಾಂಬಿಕಾಳ ತಂದೆ ತೋಟಪ್ಪ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ನಿವೃತ್ತಿಯ ಮೇಲೆ ಎರಡೇ ಬೆರಳಲ್ಲಿ ಟೈಪ್ ಮಾಡುತ್ತ ತಮ್ಮ ಬದುಕಿನ ಕಥೆಯನ್ನು ಒಂಬೈನೂರು ಪುಟ ಬರೆದಿದ್ದರು. ನಡುನಡುವೆ ಸ್ಟೇಷನ್ನುಗಳ ಫೋಟೋಗಳು, ಸೇತುವೆಗಳ ಫೋಟೋಗಳು, ಎಲ್ಲವೂ ಒಂದೇ ಫೈಲಿನಲ್ಲಿ. ಒಂದು ದಿನ ಉಳಿಸುವುದು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತರು, ಫೈಲು ಸತ್ತಿತು. ಮರುವರ್ಷ ಅವರೂ ಹೋದರು. ಮಗಳು ಹೇಗೋ ಅದನ್ನು ಬೆಸುಗೆಗೆ ಒಡ್ಡಿ, ಮುದ್ರಿಸಿ, ತಾಯಿ ಗೌರವ್ವನ ಕೈಗೆ ಕೊಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗೌರವ್ವ ಪಡಸಾಲೆಯಲ್ಲಿ ಕುಳಿತು ಅದನ್ನು ಓದುತ್ತಿದ್ದವಳು ನಕ್ಕಳು.

"ಏನಬೇ?" ಎಂದಳು ನೀಲಾಂಬಿಕಾ.

"ನನ್ನ ನೋಡಾಕ ಬಂದ ದಿನದ್ದು ಬರ್ದಾರ ನೋಡು. ನಾ ತಲಿ ತಗ್ಗಿಸಿ ಒಂದು ಹಾಡು ಹಾಡಿದ್ನಂತ. ಆ ದನಿ ಕೇಳಿ ಇವ್ರಿಗೆ ಸಿಗ್ನಲ್ ಬಿದ್ದಂಗಾತಂತ."

"ಚಲೋ ಬರ್ದಾರಲ್ಲ."

"ಬರ್ದದ್ದು ಚಲೋ ಐತಿ. ಆದರ ನಾ ಅವತ್ತ ಹಾಡೇ ಇಲ್ಲ." ಗೌರವ್ವ ಕನ್ನಡಕ ತೆಗೆದಳು. "ನೆಗಡಿ ಆಗಿ ಗಂಟ್ಲ ಕಟ್ಟಿತ್ತು. ಹಾಡು ಅಂದ್ರು, ನಾ ಒಲ್ಲೆ ಅಂದೆ. ಅದಕ್ಕ ನಮ್ಮ ಅತ್ತಿ ಹತ್ತು ವರ್ಷ ನನ್ನ ಆಡ್ಕೊಂಡ್ಳು. ಅದು ನಿಮ್ಮಪ್ಪಗ ಮರ್ಯೂದಲ್ಲ."

ನೀಲಾಂಬಿಕಾ ಪುಸ್ತಕ ಇಸಿದುಕೊಂಡು ಓದಿದಳು. ವಾಕ್ಯಗಳು ಅಪ್ಪನವೇ. ಅದೇ ರೈಲಿನ ಹೋಲಿಕೆ, ಅದೇ ಅರ್ಧ ನಗುವ ಧಾಟಿ. ಎಲ್ಲಿಯೂ ಬಿರುಕಿಲ್ಲ.

"ಇದನ್ನ ಅಪ್ಪ ಬರ್ದಿಲ್ಲ ಅನಸ್ತೈತಿ" ಎಂದಳು ಮೆಲ್ಲಗೆ. "ಮಷೀನು ಬರ್ದೈತಿ."

ಗೌರವ್ವ ಪುಸ್ತಕವನ್ನು ಮರಳಿ ಇಸಿದುಕೊಂಡು ಹಿಂದುಮುಂದಿನ ಪುಟ ತಿರುವಿದಳು. ಆಮೇಲೆ ಕೇಳಿದಳು: "ಹಂಗಾದ್ರ ಇದರಾಗ ಯಾವ್ದು ಅವರ್ದು, ಯಾವ್ದು ಅದರದು? ನನಗ ಹೆಂಗ ಗೊತ್ತಾಗಬೇಕು?"

ಮಗಳ ತಲೆಯಲ್ಲಿ ಆಗ ಬೇರೊಂದು ಫೈಲು ಸುಳಿದು ಹೋಗಿತ್ತು.

*

ಮರುದಿನ ಕೇಂದ್ರದ ನಿಯಂತ್ರಣ ಕೊಠಡಿಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಗೋಡೆಯ ತುಂಬ ಪರದೆ. ಅದರ ಮೇಲೆ ರಾಜ್ಯದ ದೊಡ್ಡ ಫೈಲುಗಳೆಲ್ಲ ಹಸಿರು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಅವುಗಳಲ್ಲಿ ಒಂದು ಹಾವು ಕಡಿತದ ಚಿಕಿತ್ಸೆಯ ಕೈಪಿಡಿ. ಮೂವತ್ತು ವರ್ಷ ಹಾವು ಕಡಿದವರನ್ನು ಉಳಿಸುತ್ತ ಬಂದ ಡಾ. ಶಮಶಾದ್ ನದಾಫ್ ಅದರ ಸಂಪಾದಕಿ. ಹಳ್ಳಿಹಳ್ಳಿಯ ವೈದ್ಯರು ತಮ್ಮ ಅನುಭವವನ್ನು ಅದರಲ್ಲಿ ಬರೆಯುತ್ತಿದ್ದರು, ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ತೆರೆದಿಟ್ಟುಕೊಂಡೇ ಚಿಕಿತ್ಸೆ ಕೊಡುತ್ತಿದ್ದರು. ಮೂರು ವಾರಗಳ ಹಿಂದೆ ಆ ಫೈಲು ಕೆಟ್ಟಿತ್ತು. ಬೆಸುಗೆ ಅದನ್ನು ಒಂದೇ ತಾಸಿನಲ್ಲಿ ಮಾಯಿಸಿ ಎಲ್ಲ ಆಸ್ಪತ್ರೆಗಳಿಗೂ ಕಳಿಸಿತ್ತು.

ವಾದಿರಾಜರು ಬಂದಾಗ ಅವಳು ವಿಷಯ ಹೇಳಿದಳು.

"ನಿಮ್ಮ ತಾಯಿಯವರು ಮರತಿರಬಹುದಲ್ಲ?" ಎಂದರು ಅವರು, ಮೃದುವಾಗಿಯೇ.

"ಅವ್ವ ಅದನ್ನ ಮರ್ಯೂದಿಲ್ರೀ ಸರ್. ನನಗೊಂದು ಪರೀಕ್ಷೆ ಮಾಡ್ಲಿಕ್ಕೆ ಬಿಡ್ರಿ. ಕೈಪಿಡಿಯೊಳಗ ಬೆಸುಗೆ ಮರಳಿ ತಂದ ಸಾಲು ಎಷ್ಟು, ತಾನ ಊಹಿಸಿ ಬರದ ಸಾಲು ಎಷ್ಟು, ಬ್ಯಾರೆ ಮಾಡಿ ನೋಡ್ತೀನಿ."

"ಹೆಂಗ ಮಾಡ್ತೀರಿ? ತುಂಬಿದ ಮ್ಯಾಲೆ ಅಚ್ಚುಗಳನ್ನೂ ಅದು ಹೊಸದಾಗಿ ಬರೀತದ. ಈಗ ಎಲ್ಲಾ ಒಂದಕ್ಕೊಂದು ಹೊಂದತಾವ. ಗುರುತು ಉಳದಿರೂದಿಲ್ಲ."

"ಕೆಟ್ಟ ಫೈಲಿನ ಪ್ರತಿ ಐತ್ರೀ ನನ್ನ ಕಡೆ. ಮಾಯಸೂ ಮೊದಲು ತಗದಿಟ್ಟದ್ದು."

ವಾದಿರಾಜರು ಅವಳನ್ನೇ ನೋಡಿದರು. ಆ ಹಳೆಯ ಚಾಳಿಯನ್ನು ಬಿಡಿ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಈಗ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತರು.

ಇಬ್ಬರೂ ಸೇರಿ ಕೆಟ್ಟ ಫೈಲನ್ನು ಹೋಳು ಮಾಡುತ್ತ ಹೋದರು. ಹೆಚ್ಚಿನ ಕಡೆ ಅಚ್ಚುಗಳು ಸಾಕಷ್ಟಿದ್ದವು. ಬೆಸುಗೆ ಒಂದಕ್ಷರವೂ ತಪ್ಪಿರಲಿಲ್ಲ. ಮೂವತ್ತೊಂದು ಪ್ಯಾರಾಗಳಲ್ಲಿ ಮಾತ್ರ ಮೂಲದ ಸುಳಿವೇ ಇರಲಿಲ್ಲ. ಅವೆಲ್ಲ ಯಂತ್ರ ತನ್ನ ಊಹೆಯಿಂದ ಬರೆದವು. ನೀಲಾಂಬಿಕಾ ಅವುಗಳನ್ನು ಡಾ. ಶಮಶಾದ್‌ಗೆ ಕಳಿಸಿ ಫೋನ್ ಮಾಡಿದಳು. ಒಂದೊಂದನ್ನೇ ಓದುತ್ತ "ಇದು ನಡೀತೈತಿ... ಇದೂ ನಡೀತೈತಿ..." ಎನ್ನುತ್ತಿದ್ದ ವೈದ್ಯೆ ತಟ್ಟನೆ ನಿಲ್ಲಿಸಿದರು.

"ನೀಲಾ, ಇದನ್ನ ಯಾರು ಬರ್ದದ್ದು? ಕಟ್ಟುಹಾವಿನ ಪ್ಯಾರಾ?"

ಆ ಪ್ಯಾರಾ ಹೀಗಿತ್ತು: 'ಕಚ್ಚಿದ ಜಾಗದಲ್ಲಿ ಊತ, ನೋವು ಇಲ್ಲದಿದ್ದರೆ ವಿಷ ಏರಿಲ್ಲವೆಂದು ತಿಳಿದು, ಆರು ಗಂಟೆ ನಿಗಾ ಇಟ್ಟು ಮನೆಗೆ ಕಳಿಸಬಹುದು.'

"ಕಟ್ಟುಹಾವು ಕಡದ್ರ ಊತಾನೂ ಇರೂದಿಲ್ಲ, ನೋವೂ ಇರೂದಿಲ್ಲ" ಶಮಶಾದ್ ಅವರ ದನಿ ಏರಿತು. "ಮನುಷ್ಯ ಆರಾಮ ಕುಂತಿರ್ತಾನ. ಆಮ್ಯಾಲೆ ಕಣ್ಣ ರೆಪ್ಪಿ ಜೋಲತಾವ, ಉಸಿರು ನಿಂತು ಹೋಗ್ತಾನ. ಕಡದ್ರ ಊತ ಬರೂ ಮಂಡಲದ ಹಾವಿಗೆ ಹೇಳೂ ಮಾತನ್ನ ತಂದು ಇದಕ್ಕ ಹಚ್ಚೇತಿ ನಿಮ್ಮ ಮಷೀನು. ಮೊದಲ ತಗೀರಿ ಆ ಪುಟ!"

ವಾದಿರಾಜರ ಬೆರಳು ಅಷ್ಟರಲ್ಲಿ ಕೀಲಿಮಣೆಯ ಮೇಲಿತ್ತು. ಆ ಪುಟ ಎಲ್ಲ ಆಸ್ಪತ್ರೆಗಳಿಂದಲೂ ಮಾಯವಾಯಿತು. ಹಸಿರು ಚುಕ್ಕಿ ಕೆಂಪಾಯಿತು.

"ಮೂರು ವಾರದಾಗ ಈ ಪುಟ ಎಲ್ಲೆಲ್ಲಿ ತಗದಾರ ನೋಡ್ರಿ" ಎಂದಳು ನೀಲಾಂಬಿಕಾ.

ಹನ್ನೊಂದು ಆಸ್ಪತ್ರೆಗಳ ಹೆಸರು ಪರದೆಗೆ ಬಂತು. ಮೂವರೂ ಹಂಚಿಕೊಂಡು ಫೋನ್ ಹಚ್ಚಿದರು. ಒಂದು ಕಡೆ ಸುಮ್ಮನೆ ಓದಿದ್ದರು. ಇನ್ನೊಂದು ಕಡೆ ಕಡಿದದ್ದು ಕೇರೆಹಾವು. ಮತ್ತೊಂದು ಕಡೆ ಹಿರಿಯ ವೈದ್ಯರು ಅದನ್ನು ಓದಿ, ಇದೇನೋ ತಪ್ಪು ಎಂದು ಬದಿಗಿಟ್ಟು ತಮ್ಮ ಅನುಭವದಂತೆ ನಡೆದಿದ್ದರು. ಕೊನೆಗೆ ಉಳಿದದ್ದು ಗದಗಿನ ಆಚೆಯ ಒಂದು ಸಣ್ಣ ಆಸ್ಪತ್ರೆ. ಅಲ್ಲಿ ಅವತ್ತೇ ಬೆಳಿಗ್ಗೆ ಆ ಪುಟ ತೆರೆದಿದ್ದರು. ಶಮಶಾದ್ ಅವರನ್ನೂ ಅದೇ ಕರೆಗೆ ಸೇರಿಸಿಕೊಂಡು ನೀಲಾಂಬಿಕಾ ಅಲ್ಲಿಗೆ ಹಚ್ಚಿದಳು. ಫೋನ್ ಎತ್ತಿದವರು ಕೆಲಸಕ್ಕೆ ಸೇರಿ ವರ್ಷವಾಗದ ಡಾ. ಸಮರ್ಥ ಹಾದಿಮನಿ.

"ಹೌದ್ರೀ ಮೇಡಂ, ರತ್ನವ್ವ ಅಂತ. ನೆಲದ ಮ್ಯಾಲೆ ಮಲಗಿದ್ಲಂತ, ನಸುಕಿನ್ಯಾಗ ಏನೋ ಕಡದಂಗ ಆತು ಅಂದ್ಲು. ಊತ ಇರ್ಲಿಲ್ಲ. ಸ್ವಲ್ಪ ಹೊಟ್ಟಿ ನೋವು ಅಂದ್ಲು, ಆಸಿಡಿಟಿ ಗುಳಿಗಿ ಕೊಟ್ಟೆ. ಕೈಪಿಡಿ ಹೇಳ್ದಂಗ ಆರು ತಾಸು ಇಟಗೊಂಡು ಈಗ ಕಳಿಸಿದೆ."

"ಹೊಟ್ಟಿ ನೋವ ಮೊದಲನೇ ಲಕ್ಷಣಪಾ ಅದು!" ಎಂದರು ಶಮಶಾದ್. "ಎಷ್ಟೊತ್ತಾತು ಹೋಗಿ?"

"ಅರ್ಧಾ ತಾಸು... ಕೆಂಪಹಾಳದ ಬಸ್ಸು ಹತ್ತಿದ್ರು. ಮೇಡಂ, ಏನ್ ತಪ್ಪ್ ಮಾಡಿದ್ನಿ ನಾನು?"

"ಅದನ್ನ ಆಮ್ಯಾಲೆ ನೋಡೂನು. ವಿಷ ಇಳಸೂ ಇಂಜೆಕ್ಷನ್ ತಯಾರ ಇಟಗೊಂಡು, ಅಂಬ್ಯುಲೆನ್ಸ್ ತಗೊಂಡು ನೀನ ಹೋಗು. ಬಸ್ಸಿನ ದಾರಿ ಹಿಡಿ."

ರತ್ನವ್ವನ ಗಂಡನ ಫೋನ್ ಬಂದ್ ಆಗಿತ್ತು. ನೀಲಾಂಬಿಕಾ ಕೆಂಪಹಾಳದ ಆಶಾ ಕಾರ್ಯಕರ್ತೆ ಫಕೀರವ್ವನ ನಂಬರ್ ಹುಡುಕಿ, ಅದೇ ಕರೆಗೆ ಸೇರಿಸಿ ವಿಷಯ ಹೇಳಿದಳು.

"ಬಸ್ಸು ಈಗ ಬರೂ ಹೊತ್ತಾತ್ರೀ. ನಾ ಸ್ಟ್ಯಾಂಡಿನ್ಯಾಗ ನಿಂತೇನಿ" ಎಂದಳು ಫಕೀರವ್ವ. ಫೋನ್ ಇಡಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಕೋಳಿಯ ಕೂಗು, ಯಾರೋ ಚಹಾ ಕೇಳುವ ದನಿ, ಆಮೇಲೆ ಬಸ್ಸಿನ ಬ್ರೇಕಿನ ಸದ್ದು ಕೇಳಿತು. ಫಕೀರವ್ವ ಓಡುತ್ತಿರುವ ಉಸಿರು. ಒಂದು ಕ್ಷಣ ಗದ್ದಲ.

"ಬಾಯಾರ! ರತ್ನಿ ಕಣ್ಣ ರೆಪ್ಪಿ ಎತ್ತಾಕ ಆಗವಲ್ದ್ರೀ ಅಕಿಗೆ! ನಿದ್ದಿ ಹತ್ತೇತಿ ಅಂತಾನ ಗಂಡ. ಮಾತೂ ತೊದಲಾಕ ಹತ್ತೇತಿ."

"ಒಂದು ಮಗ್ಗಲಾ ಮಲಗಸು. ನೀರು ಕುಡಸಬ್ಯಾಡ್ರಿ. ಉಸಿರು ನೋಡ್ಕೋತಿರು. ಅಂಬ್ಯುಲೆನ್ಸ್ ಬಂತು, ಬಂತು ಫಕೀರವ್ವ" ಎಂದು ಶಮಶಾದ್ ಹೇಳುತ್ತಲೇ ಇದ್ದರು.

ಅಂಬ್ಯುಲೆನ್ಸ್ ಬಂತು, ಇಂಜೆಕ್ಷನ್ ಕೊಟ್ಟದ್ದೂ ಆಯಿತು. ಆದರೂ ದಾರಿಯಲ್ಲಿ ರತ್ನವ್ವನ ಉಸಿರು ಸಣ್ಣದಾಗುತ್ತ ಬಂದು ನಿಂತೇ ಹೋಯಿತು. ಡಾ. ಸಮರ್ಥ ಅವಳ ಬಾಯಿ ಮೂಗಿನ ಮೇಲೆ ಮುಖವಾಡ ಒತ್ತಿ ಹಿಡಿದು, ಗಾಳಿಯ ಚೀಲವನ್ನು ಹಿಸುಕುತ್ತ, ದೊಡ್ಡ ಆಸ್ಪತ್ರೆಯ ಬಾಗಿಲು ಮುಟ್ಟುವ ತನಕ ಒಂದು ಸಲವೂ ಕೈ ಬದಲಿಸಲಿಲ್ಲ. ಅಲ್ಲಿ ಅವಳಿಗೆ ಕೃತಕ ಉಸಿರಾಟದ ಯಂತ್ರ ಹಚ್ಚಿದರು.

ಮೂರನೆಯ ದಿನ ಶಮಶಾದ್ ಫೋನ್ ಮಾಡಿದರು. "ಬೆರಳು ಅಲಗಾಡಿಸಿದ್ಲು" ಎಂದರು.

*

ವಾದಿರಾಜರು ತಮ್ಮ ಕೋಣೆಗೆ ನೀಲಾಂಬಿಕಾಳನ್ನು ಕರೆದು ಹೇಳಿದರು: "ಆ ಎರಡನೇ ಭಾಗ ನಾನ ಬರದದ್ದು. ನಾನ ತಗೀತೀನಿ."

"ಪೂರಾ ತಗಿಯೂದು ಬ್ಯಾಡ್ರಿ ಸರ್. ಯಾವ ಸಾಲು ಹೋಗ್ಯಾವ ಅಂತ ಅದಕ್ಕ ಗೊತ್ತಾಗ್ತೈತಿ. ಆ ಜಾಗದಾಗ ಬರದವರು ಯಾರು ಅನ್ನೂದೂ ಬಹಳ ಸಲ ಗೊತ್ತಿರ್ತೈತಿ. ಉತ್ತರಾ ಬರ್ಯೂ ಬದಲಿ ಅದು ಅವರನ್ನ ಕೇಳಲಿ."

ಹೊಸ ಬೆಸುಗೆ ಹಾಗೆ ಹುಟ್ಟಿತು. ಅಚ್ಚಿನಿಂದ ಮರಳಿದ್ದನ್ನು ಅದು ಮೊದಲಿನಂತೆ ಕೂಡಿಸುತ್ತಿತ್ತು. ಮರಳದ್ದನ್ನು ಖಾಲಿ ಬಿಟ್ಟು, ಅಲ್ಲಿ ಬರೆದಿದ್ದವರ ಫೋನಿಗೆ ಪ್ರಶ್ನೆ ಕಳಿಸುತ್ತಿತ್ತು: 'ನೀವು ಬರೆದ ಸಾಲೊಂದು ಕಳೆದಿದೆ. ಅದರ ಹಿಂದೆ ಇದು ಇತ್ತು, ಮುಂದೆ ಇದು ಇತ್ತು. ನೆನಪಿದೆಯೇ?' ಜೊತೆಗೆ ದೊಡ್ಡ ಫೈಲುಗಳನ್ನೆಲ್ಲ ಬಿಡಿಬಿಡಿ ಭಾಗಗಳಾಗಿ ಇಡಬೇಕೆಂದೂ, ಒಂದರ ರೋಗ ಇನ್ನೊಂದಕ್ಕೆ ಹತ್ತಬಾರದೆಂದೂ ಕೇಂದ್ರ ನಿಯಮ ಮಾಡಿತು. ಮುಟ್ಟುವ ಮೊದಲು ಪ್ರತಿ ತೆಗೆದಿಡುವುದು ಕಡ್ಡಾಯವಾಯಿತು.

ಮೊದಲ ತಿಂಗಳು ಬೈಗುಳ ಸುರಿಯಿತು. ತನ್ನ ಪ್ರಬಂಧದಲ್ಲಿ ಬಿಳಿಯ ಜಾಗ ಕಂಡು ಹುಡುಗಿಯೊಬ್ಬಳು ಕೇಂದ್ರಕ್ಕೇ ಬಂದು ಅತ್ತಳು. ತೂತು ಹಾಕುವ ತಂತ್ರಾಂಶ ಎಂದು ಪತ್ರಿಕೆಯೊಂದು ಗೇಲಿ ಮಾಡಿತು. ಎರಡು ದೊಡ್ಡ ಕಂಪನಿಗಳು ಒಪ್ಪಂದ ಮುರಿದವು. ವಾದಿರಾಜರು ಪ್ರತಿಯೊಬ್ಬರಿಗೂ ತಾವೇ ಉತ್ತರ ಕೊಟ್ಟರು. ಆದರೆ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಕಂಡು ಅವರಿಗೂ ಅಚ್ಚರಿಯಾಯಿತು. ಜನಕ್ಕೆ ತಾವು ಬರೆದದ್ದು ನೆನಪಿತ್ತು. ನೆನಪಿಲ್ಲದವರು ಇನ್ನೊಬ್ಬರನ್ನು ಕೇಳಿ ಹೇಳಿದರು. ನೀರಾವರಿ ವರದಿಯ ಕಳೆದ ಪುಟವೊಂದಕ್ಕೆ ನಿವೃತ್ತ ಎಂಜಿನಿಯರೊಬ್ಬರು, ಆಗ ತಾವು ಬರೆದದ್ದೇ ತಪ್ಪಿತ್ತೆಂದೂ ಸರಿಯಾದದ್ದು ಹೀಗೆಂದೂ ಬರೆದು ಕಳಿಸಿದರು.

ಮನೆಯಲ್ಲಿ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ತೆಗೆದಿಟ್ಟಿದ್ದ ಕೆಟ್ಟ ಪ್ರತಿಯನ್ನು ಹೊಸ ಬೆಸುಗೆಗೆ ಒಡ್ಡಿ, ಅಪ್ಪನ ಪುಸ್ತಕವನ್ನು ಮತ್ತೆ ಮುದ್ರಿಸಿ ತಂದಾಗ ಗೌರವ್ವ ಪುಟ ತಿರುವಿ ನೋಡಿದಳು. ಅಲ್ಲಲ್ಲಿ ಬಿಳಿಯ ಜಾಗ.

"ಆ ಹಾಡಿನ ಮಾತು ತಗದ್ಯಾ?"

"ತಗದೆ ಅವ್ವಾ."

"ನನಗ ಅದು ಚಲೋ ಅನಿಸಿತ್ತು" ಎಂದು ಗೌರವ್ವ ಪುಸ್ತಕ ಮುಚ್ಚಿದಳು. ಎರಡು ದಿನ ಅದನ್ನು ಮುಟ್ಟಲಿಲ್ಲ. ತಾಯಿಯಿಂದ ಏನನ್ನೋ ಕಸಿದುಕೊಂಡಂತೆ ನೀಲಾಂಬಿಕಾಳಿಗೂ ಅನಿಸುತ್ತಿತ್ತು.

ಮೂರನೆಯ ದಿನ ಅವಳು ಕೆಲಸದಿಂದ ಬಂದಾಗ ತಾಯಿ ಫೋನಿನಲ್ಲಿ ಜೋರಾಗಿ ನಗುತ್ತಿದ್ದಳು. ಆ ಕಡೆ ಇದ್ದವರು ಲೋಂಡಾದ ಪೀಟರ್, ತೋಟಪ್ಪನ ಜೊತೆ ವರ್ಷಗಟ್ಟಲೆ ಗೂಡ್ಸ್ ಓಡಿಸಿದ ಡ್ರೈವರ್. ದೂಧಸಾಗರದ ಇಳಿಜಾರಿನಲ್ಲಿ ರೈಲು ನಿಂತ ಕಥೆಯ ನಡುವೆ ಬಿಳಿಯ ಜಾಗ ಬಂದಿತ್ತು. ಅಲ್ಲಿ ಏನಾಯಿತೆಂದು ತಿಳಿಯದೆ ಗೌರವ್ವನಿಗೆ ತಡೆಯಲಾಗಿರಲಿಲ್ಲ.

"ರೈಲಿನ ಮುಂದ ಆನಿ ನಿಂತಿತ್ತಂತ" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಿಮ್ಮಪ್ಪ ಗಾರ್ಡ್ ಡಬ್ಬಿಯಿಂದ ಇಳದು ಬಂದು ಅದಕ್ಕ ಹಸಿರು ಬಾವುಟ ತೋರ್ಸಿದ್ರಂತ! ಒಂದು ದಿನಾನೂ ನನಗ ಹೇಳಿದ್ದಿಲ್ಲ. ಪೀಟರ್ ಹೆಂಡತೀನ ಕರ್ಕೊಂಡು ಬರೂ ವಾರ ಬರ್ತಾನಂತ. ಇನ್ನ ಬಾಳ ಅದಾವಂತ ಹೇಳೂವು."

ಪೀಟರ್ ಬಂದರು. ಹೇಳಿದ್ದನ್ನೆಲ್ಲ ನೀಲಾಂಬಿಕಾ ಬೇರೆ ಬಣ್ಣದ ಅಕ್ಷರದಲ್ಲಿ, ಪೀಟರ್ ಹೆಸರಿನಲ್ಲೇ ಸೇರಿಸಿದಳು.

*

ಕೈಪಿಡಿಯ ಖಾಲಿ ಜಾಗಗಳು ಒಂದೊಂದಾಗಿ ತುಂಬಿದವು. ಕಟ್ಟುಹಾವಿನದು ಮಾತ್ರ ಉಳಿಯಿತು. ಅದನ್ನು ಮೊದಲು ಬರೆದ ವೈದ್ಯರು ತೀರಿಕೊಂಡಿದ್ದರು. ಸದ್ಯಕ್ಕೆ ಅಲ್ಲಿ 'ಊತವಿಲ್ಲದಿದ್ದರೂ ಮನೆಗೆ ಕಳಿಸಬೇಡಿ' ಎಂಬ ಒಂದೇ ಸಾಲನ್ನು ಶಮಶಾದ್ ಹಾಕಿಸಿದ್ದರು. ಉಳಿದದ್ದನ್ನು ಬರೆಯಲು ಅವರಿಗೆ ಅರ್ಧ ತಾಸು ಸಾಕಿತ್ತು. ಅವರು ಬರೆಯಲಿಲ್ಲ.

ಡಾ. ಸಮರ್ಥ ಕೆಲಸ ಬಿಡುವುದಾಗಿ ಹೇಳಿಕೊಂಡು ಅವರ ಬಳಿಗೆ ಬಂದಿದ್ದ.

"ಪುಸ್ತಕದಾಗ ಇದ್ದದ್ದನ್ನ ನಂಬಿದ್ನಿ ಮೇಡಂ. ಕಾಲೇಜಿನ್ಯಾಗ ಓದಿದ್ದು ನೆನಪಾಗಿತ್ತು, ಆದರೂ ಇದು ಹೊಸಾದು, ಖರೇ ಇರಬೇಕು ಅಂದ್ಕೊಂಡೆ" ಎಂದ.

"ರಾಜೀನಾಮೆ ಬರ್ಯೂ ಬದಲಿ ಆ ಪುಟ ಬರಿ" ಎಂದರು ಶಮಶಾದ್. "ಆದರ ಮೊದಲ ಕೆಂಪಹಾಳಕ್ಕ ಹೋಗಿ ಬಾ."

ರತ್ನವ್ವನ ಮುಂದೆ ಹೋಗಿ ನಿಲ್ಲಲು ಅವನಿಗೆ ಒಂದು ವಾರ ಬೇಕಾಯಿತು. ಅವಳು ಮಗುವಿಗೆ ಅನ್ನ ಕಲಸಿ ತಿನ್ನಿಸುತ್ತ ಕುಳಿತಿದ್ದಳು. ಕುಡಿಯಲು ನೀರು ಕೊಟ್ಟಳು. ಅವನು ಕ್ಷಮೆ ಕೇಳಿದ.

"ಕಳಿಸಿದವರೂ ನೀವ, ಉಸಿರು ಕೊಟ್ಟವರೂ ನೀವರೀ" ಎಂದಳು ಅವಳು. ಸ್ವಲ್ಪ ತಡೆದು ಮತ್ತೆ ಹೇಳಿದಳು: "ನನಗ ಎಲ್ಲಾ ಕೇಳ್ತಿತ್ತರೀ. ಕಣ್ಣು ತಗ್ಯಾಕ ಬರ್ತಿದ್ದಿಲ್ಲ, ಬೆರಳು ಎತ್ತಾಕ ಬರ್ತಿದ್ದಿಲ್ಲ, ಆದರ ಎಲ್ಲಾ ಕೇಳ್ತಿತ್ತು. ದವಾಖಾನ್ಯಾಗ ಯಾರೋ 'ಇಕಿ ಉಳ್ಯೂದಿಲ್ಲ' ಅಂದ್ರು. ಆಗ ಬಾಳ ಅಂಜಿಕಿ ಆತು. ಗಾಡ್ಯಾಗ ನೀವು 'ತಂಗಿ, ಇನ್ನ ಒಂದ ಸ್ವಲ್ಪ, ಬಂತು' ಅನ್ನಾಕ ಹತ್ತಿದ್ರಿ ನೋಡ್ರಿ, ಅದನ್ನ ಹಿಡ್ಕೊಂಡಿದ್ದೆ."

ಸಮರ್ಥ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡ.

ಪುಟ ಬಂದಾಗ ನೀಲಾಂಬಿಕಾ ನಿಯಂತ್ರಣ ಕೊಠಡಿಯಲ್ಲಿದ್ದಳು. ಕಳೆದುಹೋದ ಪ್ಯಾರಾದಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ. ಇದರಲ್ಲಿ ಲಕ್ಷಣಗಳೆಲ್ಲ ಇದ್ದವು, ಔಷಧದ ಪ್ರಮಾಣವನ್ನು ಶಮಶಾದ್ ಪರೀಕ್ಷಿಸಿ ಸಹಿ ಮಾಡಿದ್ದರು. ಕೊನೆಗೆ ಎರಡು ಸಾಲು: 'ರೋಗಿ ಅಲುಗಾಡದಿದ್ದರೂ ಎಚ್ಚರವಿರುತ್ತಾರೆ, ಎಲ್ಲವನ್ನೂ ಕೇಳುತ್ತಾರೆ. ಮಾತಾಡಿಸುತ್ತಿರಿ, ಧೈರ್ಯ ಹೇಳುತ್ತಿರಿ.' ಬರೆದವರ ಜಾಗದಲ್ಲಿ ಎರಡು ಹೆಸರುಗಳಿದ್ದವು: ಸಮರ್ಥ ಹಾದಿಮನಿ, ರತ್ನವ್ವ. ವಾದಿರಾಜರು ಅವಳ ಹೆಗಲ ಹಿಂದೆ ನಿಂತು ಓದಿದರು. "ಹಚ್ಚರಿ" ಎಂದರು. ಹೊಸ ಪ್ಯಾರಾದ ಅಚ್ಚು ಅಕ್ಕಪಕ್ಕದವುಗಳೊಳಗೆ ಇಳಿಯಿತು. ಫೈಲು ರಾಜ್ಯದ ಎಲ್ಲ ಆಸ್ಪತ್ರೆಗಳಿಗೂ ಹೋಯಿತು.

ಆ ಮಳೆಗಾಲದಲ್ಲಿ ಮುದುಕನೊಬ್ಬನನ್ನು ಕಟ್ಟುಹಾವು ಕಡಿಯಿತು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅವನು ಕಣ್ಣು ಮುಚ್ಚಿ, ಕಲ್ಲಿನಂತೆ ಮಲಗಿದ್ದ. ನರ್ಸ್ ಒಬ್ಬಳು ಕೈಪಿಡಿಯ ಆ ಪುಟವನ್ನು ಕೊನೆಯ ತನಕ ಓದಿದಳು. ಆಮೇಲೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಅವನ ಕಿವಿಯ ಹತ್ತಿರ ಬಾಗಿದಳು.

"ಅಜ್ಜಾ, ಅಂಜಬ್ಯಾಡ. ಉಸಿರು ಈ ಮಷೀನು ಹಾಕ್ತೈತಿ. ನಾ ಇಲ್ಲೇ ಅದೇನಿ. ಹೊರಗ ಮಳಿ ಚಲೋ ಹತ್ತೇತಿ ನೋಡು, ನಿಂದು ಬಿತ್ತಿಗಿ ಆಗೇತಂತ, ಮಗ ಹೇಳ್ದ..."